ಲದ್ದಿ ಹೇಳುವ ಹೊಟ್ಟೆಪಾಡು

ಆಲೂರು ಕಡೆಯ ಕಾಫಿ ತೋಟವೊಂದರ ಬೇಲಿ ಪಕ್ಕ ಬಿದ್ದಿದ್ದ ಆನೆ ಲದ್ದಿಯಲ್ಲಿ ಇನ್ನೂ ಹಬೆಯಾಡುತ್ತಿತ್ತು. ರಾತ್ರಿ ಗದ್ದೆಗಿಳಿದಿದ್ದ ಹಿಂಡು ಬೆಳಗಿನ ಜಾವ ಇತ್ತ ದಾಟಿದೆ ಎಂದು ತೋಟದ ರೈಟರು ಹೇಳುತ್ತಿದ್ದರು. ಅಷ್ಟರಲ್ಲೇ ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ಕೈಗವಸು ತೊಟ್ಟು ಕುಕ್ಕರಗಾಲಲ್ಲಿ ಕೂತಾಗಿತ್ತು. ಉಂಡೆಯ ಮೇಲಿನ ಲೋಳೆಯನ್ನು ಹತ್ತಿಕಡ್ಡಿಯಿಂದ ಒರೆಸಿ ಒಂದು ಕೊಳವೆಗೆ ಹಾಕಿದರು. ಆಮೇಲೆ ಉಂಡೆ ಒಡೆದು, ಮಣ್ಣು ತಾಗದ ನಡುಭಾಗದಿಂದ ಚಿಟಿಕೆಯಷ್ಟು ತೆಗೆದು ಇನ್ನೊಂದಕ್ಕೆ ಹಾಕಿದರು. ಒಳಗೆ ಭತ್ತದ ಹೊಟ್ಟು, ಬೈನೆಯ ನಾರು, ಇಡಿಯಾಗಿ ಉಳಿದ ಕಾಫಿ ಬೀಜ.

‘ಸರ್, ಹೊರಗಿನ ಲೋಳೆಯಲ್ಲಿ ಆನೆ ಇದೆ, ಒಳಗೆ ಅದರ ಬ್ಯಾಕ್ಟೀರಿಯಾ ಇದೆ’ ಎಂದರು.

ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಲದ್ದಿ ಜಾರಿ ಬರುವಾಗ ಕರುಳಿನ ಗೋಡೆಯ ಜೀವಕೋಶಗಳು ಲೋಳೆಗೆ ಅಂಟಿಕೊಂಡು ಬರುತ್ತವೆ. ಅವುಗಳ ಡಿಎನ್‌ಎಯಿಂದ ಯಾವ ಆನೆ, ಗಂಡೋ ಹೆಣ್ಣೋ ತಿಳಿಯುತ್ತದೆ. ಒಳಗಿನ ಚೂರಿನಲ್ಲಿ 16ಎಸ್ ಎಂಬ ಜೀನ್ ಓದಿದರೆ ಕರುಳಿನಲ್ಲಿ ಯಾವ ಬ್ಯಾಕ್ಟೀರಿಯಾ ವಂಶಗಳಿವೆ ಎಂಬ ಪಟ್ಟಿ ಸಿಗುತ್ತದೆ. ತಡಮಾಡಿದರೆ ಗಾಳಿ, ಮಣ್ಣಿನ ಜೀವಿಗಳು ಸೇರಿ ಲೆಕ್ಕ ಕೆಡಿಸುತ್ತವೆ. ಹಾಗಾಗಿಯೇ ಆ ಅವಸರ.

ಹಸುವಿನಂತೆ ಆನೆ ಮೆಲುಕು ಹಾಕುವುದಿಲ್ಲ. ನಾರು ಕೊಳೆಯುವುದೆಲ್ಲ ಹಿಂಗರುಳಿನಲ್ಲಿ, ಬ್ಯಾಕ್ಟೀರಿಯಾಗಳ ಕೈಯಲ್ಲಿ. ದಿನಕ್ಕೆ ಸುಮಾರು 150 ಕಿಲೊ ಮೇವು ತಿಂದರೂ ಅರ್ಧಕ್ಕಿಂತ ಹೆಚ್ಚು ಜೀರ್ಣವಾಗದೆ ಹೊರಬೀಳುತ್ತದೆ. ಹುಟ್ಟಿದ ಮರಿಗೆ ಈ ಬ್ಯಾಕ್ಟೀರಿಯಾಗಳ ಬಂಡವಾಳ ಎಲ್ಲಿಂದ? ಮರಿ ತಾಯಿಯ ಲದ್ದಿ ತಿನ್ನುತ್ತದೆ! ಹೊಲಸೆಂದು ಮುಖ ಸಿಂಡರಿಸಬೇಡಿ. ಹಾಲು ಬಿಟ್ಟು ಸೊಪ್ಪಿಗೆ ಹೊರಳಬೇಕಾದ ಮರಿ ಎಳೆಯ ಸೊಂಡಿಲಿನಿಂದ ಬೆಚ್ಚಗಿನ ಲದ್ದಿ ತಡಕಿ ಬಾಯಿಗಿಟ್ಟುಕೊಳ್ಳುತ್ತದೆ, ಹಿಂಡಿನ ಇತರ ಹೆಣ್ಣಾನೆಗಳದ್ದನ್ನೂ ಬಿಡುವುದಿಲ್ಲ. ಹಾಗೆ ನೋಡಿದರೆ ಹಿಂಡಿನಿಂದ ಬೇರ್ಪಟ್ಟ ತಬ್ಬಲಿ ಮರಿಗೆ ತಪ್ಪುವುದು ಹಾಲೊಂದೇ ಅಲ್ಲ. ಸೀಸೆ ಹಾಲಿನಲ್ಲಿ ಬೆಳೆಯುವ ಆನೆ ಶಿಬಿರದ ಮರಿಗಳನ್ನು ಕಂಡಾಗಲೆಲ್ಲ ಈಗ ನನಗೆ ಅದೇ ಯೋಚನೆ.

ಈ ಸೀಮೆಯ ಆನೆ ಕಥೆ ಓದುಗರಿಗೆ ಗೊತ್ತಿದ್ದದ್ದೇ. ಹೈಕೋರ್ಟ್ ನಿರ್ದೇಶನದಂತೆ ರಚನೆಯಾದ ಆನೆ ಕಾರ್ಯಪಡೆ 2012ರಲ್ಲಿ ಕೊಟ್ಟ ವರದಿ, ನಂತರ ಆಲೂರು ಭಾಗದಲ್ಲಿ ಹಿಡಿದ 22 ಆನೆಗಳು, 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ವಲಯದ ಕಾರ್ಯಾಚರಣೆಯಲ್ಲಿ ಪ್ರಾಣ ಬಿಟ್ಟ ಅಂಬಾರಿ ಆನೆ ಅರ್ಜುನ. ಕಾಡಾನೆಯ ಹತ್ತಿರ ಹೋಗುವುದಕ್ಕೆ ಎಷ್ಟು ಬೆಲೆ ತೆರಬೇಕೆಂದು ಇಲ್ಲಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅರಿವಳಿಕೆ ಚುಚ್ಚದೆ, ರಕ್ತ ತೆಗೆಯದೆ ಹೊಟ್ಟೆಯ ಒಳಗುಟ್ಟು ತಿಳಿಯುವ ಈ ದಾರಿಯ ಮೇಲೆ ನನಗೆ ಅಭಿಮಾನ ಹುಟ್ಟಿದ್ದೂ ಅದಕ್ಕೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಲದ್ದಿಯಲ್ಲಿನ ಒತ್ತಡದ ಹಾರ್ಮೋನು ಅಳೆದು 2019ರಲ್ಲಿ ಪ್ರಕಟಿಸಿದ ಅಧ್ಯಯನ ಅಚ್ಚರಿಯದ್ದು. ಬೆಳೆಗೆ ನುಗ್ಗುವ ಆನೆಗಳಲ್ಲಿ ಒತ್ತಡ ಕಾಡಿನವಕ್ಕಿಂತ ಕಡಿಮೆ ಇತ್ತು. ಪೌಷ್ಟಿಕ ಮೇವು ಕಾರಣವಿರಬಹುದು ಎಂಬುದು ಅವರ ತರ್ಕ. ಹಾರ್ಮೋನು ಇಳಿದಿದೆ ಎಂದರೆ ಆನೆ ಸುಖವಾಗಿದೆ ಎಂದೇ ಅರ್ಥವೇ? ನಾನಂತೂ ಅಷ್ಟು ಸುಲಭಕ್ಕೆ ಒಪ್ಪಲಾರೆ.

ಲದ್ದಿಗೂ ಮಿತಿಯಿದೆ. ಅದು ಹೇಳುವುದು ಹೆಚ್ಚಾಗಿ ಹಿಂಗರುಳಿನ ಸುದ್ದಿ. ಮನುಷ್ಯರಲ್ಲಿ ಇದು ಸ್ಪಷ್ಟವಾಗಿದೆ: ಸಣ್ಣ ಕರುಳಿನಲ್ಲಿ ತಾನಾಗಿ ರಸ ಹೀರಿಕೊಳ್ಳುವ ನುಂಗುವ ಕ್ಯಾಪ್ಸೂಲನ್ನು ಅಮೆರಿಕದಲ್ಲಿ 15 ಮಂದಿಗೆ ಕೊಟ್ಟು ನೋಡಿದಾಗ, ಅಲ್ಲಿನ ಬ್ಯಾಕ್ಟೀರಿಯಾ ಬಳಗ ಮಲದಲ್ಲಿ ಕಂಡದ್ದಕ್ಕಿಂತ ಬೇರೆಯೇ ಇತ್ತು. 2023ರಲ್ಲಿ ‘ನೇಚರ್’ ಅದನ್ನು ಪ್ರಕಟಿಸಿತು. ಎಂಡೋಸ್ಕೋಪಿ ಕೊಳವೆ ಇಳಿಸದೆಯೇ ಇಷ್ಟು ಸಾಧ್ಯವಾಗಿದೆ. ಕಾಡಾನೆಗೆ ಮಾತ್ರೆ ನುಂಗಿಸುವವರು ಯಾರು? ಅದರ ವಿಷಯದಲ್ಲಿ ಲದ್ದಿಯೇ ಗತಿ.

ಹಾಗಾದರೆ ಆ ಲದ್ದಿಯನ್ನೇ ಸರಿಯಾಗಿ ಬಳಸಿಕೊಳ್ಳಲಿ. ಮುಂದೆ ಇಲ್ಲಿಂದ ಹಿಡಿದು ಸಾಗಿಸುವ ಪ್ರತಿ ಆನೆಯ ಲದ್ದಿಯನ್ನೂ ಹಿಡಿಯುವ ಮುಂಚೆ ಒಮ್ಮೆ, ಹೊಸ ಜಾಗದಲ್ಲಿ ತಿಂಗಳು ತಿಂಗಳು ಸಂಗ್ರಹಿಸಿಡಬೇಕು. ಭತ್ತ, ಬೈನೆಗೆ ಒಗ್ಗಿದ ಕರುಳು ಶಿಬಿರದ ಮೇವಿಗೋ ಬೇರೆ ಕಾಡಿಗೋ ಹೇಗೆ ಹೊಂದಿಕೊಳ್ಳುತ್ತದೆಂದು ಆಗ ತಿಳಿದೀತು. ಬೇಕಾಗುವುದು ಒಂದು ಜೊತೆ ಕೈಗವಸು, ಕೊಳವೆಗಳು, ಲ್ಯಾಬಿನ ಖರ್ಚು ಮತ್ತು ಬೆಳಗ್ಗೆ ಬೇಗ ಏಳುವ ಒಬ್ಬ ವಾಚರ್.