ಕಾಣದ ಗಿರಾಕಿಗೆ ಆಡುವ ಮಾತು

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯು ವ್ಯಾಪಾರಕ್ಕೂ ಚೆನ್ನಾಗಿ ಒಪ್ಪುತ್ತದೆ. ಸಂತೆಗೆ ಬಂದ ಗೃಹಿಣಿಯು ಸೀರೆಯ ಸೆರಗನ್ನು ಮುಟ್ಟಿ, ಬೆಳಕಿಗೆ ಹಿಡಿದು, ಹತ್ತು ಪ್ರಶ್ನೆಗಳನ್ನು ಕೇಳಿದ ಅನಂತರವೇ ಹಣವನ್ನು ಎಣಿಸುತ್ತಾಳೆ. ಅಂತರ್ಜಾಲದ ಅಂಗಡಿಯಲ್ಲಾದರೋ ಅವಳಿಗೆ ದೊರೆಯುವುದು ಒಂದೆರಡು ಚಿತ್ರಗಳು, ನಾಲ್ಕು ಸಾಲುಗಳು ಮಾತ್ರ. ಅಲ್ಲಿ ಮುಟ್ಟುವ ಕೈಯ ಕೆಲಸವನ್ನು ಅಕ್ಷರಗಳೇ ಮಾಡಬೇಕು. ನಮ್ಮ ಸೋದರಿಯರಲ್ಲಿ ಅನೇಕರು ಈಗ ಉಪ್ಪಿನಕಾಯಿ, ಹಪ್ಪಳ, ಕಸೂತಿಯ ವಸ್ತ್ರ ಮೊದಲಾದುವನ್ನು ಮನೆಯಿಂದಲೇ ಪರಸ್ಥಳಗಳಿಗೆ ಮಾರುತ್ತಿರುವುದರಿಂದ, ಜಾಹೀರಾತನ್ನು ಬರೆಯುವ ಬಗೆಯನ್ನು ಕುರಿತು ನಾಲ್ಕು ಮಾತುಗಳನ್ನು ಹೇಳುವುದು ಉಚಿತವೆಂದು ಭಾವಿಸಿದ್ದೇವೆ.

'ಅತ್ಯುತ್ತಮ', 'ಅದ್ವಿತೀಯ' ಎಂಬ ಮಾತುಗಳನ್ನು ಎಲ್ಲರೂ ಬರೆಯುತ್ತಾರೆ. ಆದಕಾರಣವೇ ಅವನ್ನು ಯಾರೂ ನಂಬುವುದಿಲ್ಲ. ಅಮೆರಿಕದ ಪ್ರಸಿದ್ಧ ಜಾಹೀರಾತು ಲೇಖಕರಾದ ಕ್ಲಾಡ್ ಹಾಪ್ಕಿನ್ಸರು 1927ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಒಂದು ಸಂಗತಿಯನ್ನು ತಿಳಿಸಿದ್ದಾರೆ. ಆಗ ಬಿಯರ್ ತಯಾರಕರೆಲ್ಲರೂ ತಮ್ಮದೇ ಶುದ್ಧವೆಂದು ಕೂಗುತ್ತಿದ್ದರು. ಹಾಪ್ಕಿನ್ಸರು ಶ್ಲಿಟ್ಜ್ ಕಾರ್ಖಾನೆಗೆ ಹೋಗಿ ನೋಡಿದರೆ, ಅಲ್ಲಿ ಪ್ರತಿಯೊಂದು ಸೀಸೆಯನ್ನೂ ಯಂತ್ರದಿಂದ ನಾಲ್ಕು ಸಲ ತೊಳೆಯುತ್ತಿದ್ದರು. 4,000 ಅಡಿ ಆಳದ ಬಾವಿಯಿಂದ ನೀರನ್ನು ತರುತ್ತಿದ್ದರು. ಇದನ್ನು ಜನರಿಗೆ ಏಕೆ ಹೇಳಲಿಲ್ಲವೆಂದು ಕೇಳಿದಾಗ, ಎಲ್ಲ ತಯಾರಕರೂ ಹೀಗೆಯೇ ಮಾಡುತ್ತಾರೆಂಬ ಉತ್ತರ ಬಂದಿತು. ಮಾಡುವವರು ಎಲ್ಲರೂ ಇದ್ದರು. ಹೇಳಿದವರು ಒಬ್ಬರೂ ಇರಲಿಲ್ಲ. ಹಾಪ್ಕಿನ್ಸರು ಹೇಳಿದರು, ಮಾರಾಟವು ಏರಿತು.

ಈ ನೀತಿಯನ್ನು ನಮ್ಮ ಇಳಕಲ್ಲಿನ ಸೀರೆಗೆ ಅನ್ವಯಿಸಿ ನೋಡೋಣ. 'ಮನಮೋಹಕವಾದ ಸೀರೆ' ಎಂದರೆ ಓದುವವಳಿಗೆ ಏನು ತಿಳಿಯಿತು? ಅದಕ್ಕೆ ಬದಲಾಗಿ, ಒಡಲಿನ ಹಾಸಿನ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಕೊಂಡಿಗಳಿಂದ ಮಗ್ಗದ ಮೇಲೆಯೇ ಕೂಡಿಸಿ ನೇಯುತ್ತಾರೆಂದೂ, ಒಡಲು ಹತ್ತಿಯದು, ಸೆರಗು ರೇಷ್ಮೆಯದೆಂದೂ, ಉದ್ದವು ಇಷ್ಟು ಗಜವೆಂದೂ, ಮೊದಲ ಸಲ ಹೀಗೆ ಒಗೆಯಬೇಕೆಂದೂ ಬರೆದರೆ ಅವಳ ಪ್ರಶ್ನೆಗಳಿಗೆ ಉತ್ತರ ದೊರೆತಂತಾಯಿತು. ಕೈಮಗ್ಗದ ನೇಯ್ಗೆಯಲ್ಲಿ ಅಲ್ಲಲ್ಲಿ ಸಣ್ಣ ಏರುಪೇರು ಇರುವುದುಂಟೆಂದು ತಾವೇ ಮೊದಲು ಒಪ್ಪಿಕೊಂಡರೆ ಉಳಿದ ಮಾತುಗಳ ತೂಕವೂ ಹೆಚ್ಚುತ್ತದೆ.

ಬರೆದುದು ಫಲಿಸಿತೋ ಇಲ್ಲವೋ ಎಂಬುದನ್ನು ಊಹಿಸುತ್ತ ಕೂಡಬೇಕಾಗಿಲ್ಲ. ಅಂಚೆಯ ಮೂಲಕ ಸರಕನ್ನು ಮಾರುತ್ತಿದ್ದ ಹಿಂದಿನವರು ಒಂದೊಂದು ಜಾಹೀರಾತಿನ ಚೀಟಿಗೂ ಬೇರೆಬೇರೆ ಗುರುತನ್ನು ಹಾಕಿ, ಯಾವುದರಿಂದ ಎಷ್ಟು ಬೇಡಿಕೆಗಳು ಬಂದುವೆಂದು ಎಣಿಸುತ್ತಿದ್ದರು. ಇಂದು ಎರಡು ಬಗೆಯ ಶೀರ್ಷಿಕೆಗಳನ್ನು ಬರೆದು ಕೆಲವರಿಗೆ ಒಂದನ್ನು, ಕೆಲವರಿಗೆ ಮತ್ತೊಂದನ್ನು ತೋರಿಸಿ ಲೆಕ್ಕವಿಡುವುದು ಇನ್ನೂ ಸುಲಭ. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಬೇಕೆಂಬುದನ್ನು ಮಾತ್ರ ಮರೆಯಕೂಡದು.

ಆದರೆ ಈ ಲೆಕ್ಕದಲ್ಲಿಯೇ ಒಂದು ಪ್ರಲೋಭನವೂ ಅಡಗಿದೆ. 'ಇನ್ನು ಎರಡೇ ಉಳಿದಿವೆ' ಎಂಬ ಸುಳ್ಳು ಇಂದಿನ ಎಣಿಕೆಯನ್ನು ಹೆಚ್ಚಿಸಬಹುದು. ಇಂತಹ ಹುಸಿ ಅವಸರವನ್ನು ಭಾರತ ಸರ್ಕಾರದ 2023ರ ಮಾರ್ಗಸೂಚಿಯು ನಿಷೇಧಿಸಿದೆ. ಮಾರುವವರು ತಾವೇ ಗಿರಾಕಿಗಳಂತೆ ನಟಿಸಿ ಹೊಗಳಿಕೆ ಬರೆದುಕೊಳ್ಳುವುದನ್ನು 2020ರ ನಿಯಮಗಳು ತಡೆದಿವೆ. ಜಾಹೀರಾತಿನಲ್ಲಿ ಹೇಳಿದ ಗುಣಗಳಿಲ್ಲದ ಸರಕನ್ನು ಹಿಂದಕ್ಕೆ ತೆಗೆದುಕೊಳ್ಳಲು ನಿರಾಕರಿಸುವಂತಿಲ್ಲವೆಂದೂ ಅವು ವಿಧಿಸಿವೆ.

ಶಾಸನದ ಭಯಕ್ಕಿಂತಲೂ ದೊಡ್ಡದಾದ ಕಾರಣವೊಂದುಂಟು. ಮೊದಲನೆಯ ಸೀರೆಯನ್ನು ಮಾರುವುದು ಜಾಹೀರಾತು. ಎರಡನೆಯದನ್ನು ಮಾರುವುದು ಮೊದಲನೆಯ ಸೀರೆಯೇ. ಕಟ್ಟನ್ನು ಬಿಚ್ಚಿದ ಗೃಹಿಣಿಯು, ಓದಿದುದೂ ಕಂಡುದೂ ಒಂದೇ ಎಂದು ನೆರೆಮನೆಯವಳನ್ನು ಕರೆದು ತೋರಿಸಿದರೆ, ಮಾರಿದವಳ ಮನೆಯ ಒಲೆಯು ಮುಂದಿನ ತಿಂಗಳೂ ಉರಿಯುತ್ತದೆ. ಅಂಥ ಮಾತನ್ನೇ ನಮ್ಮ ಸೋದರಿಯರು ಬರೆಯಲೆಂದು ಹಾರೈಸುತ್ತೇವೆ.