ಬೆನ್ನು ಮುರಿದಾಗ ಹೊಟ್ಟೆಯ ಕಡೆಗೂ ಗಮನವಿರಲಿ

ರಜೆ ಸಿಕ್ಕಿತೆಂದರೆ ಸಾಕು, ಮುಂಬೈ, ಪುಣೆ, ಚೆನ್ನೈ, ಹೈದರಾಬಾದಿನಿಂದ ಕಾರಿನಲ್ಲೇ ಊರಿಗೆ ಹೊರಡುವವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಹಾಗಾಗಿ ಈ ಸಲ ಪ್ರಯಾಣಕ್ಕೆ ಬೇಕಾದ ಒಂದು ಆರೋಗ್ಯದ ಮಾತು.

ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿ ಹೊಟ್ಟೆಯ ಭಾಗದಲ್ಲಿ ಬೆನ್ನುಮೂಳೆಗೆ ಒರಗಿಕೊಂಡೇ ಇಳಿಯುತ್ತದೆ. ಅದರ ಅಗಲ ಸುಮಾರು 2 ಸೆಂಟಿಮೀಟರ್. ಹೊಕ್ಕುಳಿನ ಆಸುಪಾಸಿನಲ್ಲಿ ಎರಡಾಗಿ ಕವಲೊಡೆದು ಕಾಲುಗಳ ಕಡೆಗೆ ಸಾಗುತ್ತದೆ. ಬೆನ್ನುಮೂಳೆ ಮುರಿಯುವಷ್ಟು ಪೆಟ್ಟು ಬಿದ್ದಾಗ ಈ ನಾಳಕ್ಕೂ ಏಟು ತಗಲಬಹುದು. ಇದು ಅಪರೂಪ, ಆದರೆ ಗಮನಕ್ಕೆ ಬಾರದಿದ್ದರೆ ಪ್ರಾಣಕ್ಕೇ ಸಂಚಕಾರ.

ಹೇಗೆ ಅಂತೀರಾ? ಸೀಟ್ ಬೆಲ್ಟು ಸೊಂಟದ ಮೂಳೆಯ ಮೇಲಿರದೆ ಹೊಟ್ಟೆಯ ಮೇಲೆ ಸರಿದಿದೆ ಎನ್ನಿ. ಕಾರು ಡಿಕ್ಕಿ ಹೊಡೆದ ಕ್ಷಣ ದೇಹ ಬೆಲ್ಟಿನ ಮೇಲೆ ಮುಂದಕ್ಕೆ ಮಡಚಿಕೊಳ್ಳುತ್ತದೆ. ಹಿಂದೆ ಬೆನ್ನುಮೂಳೆ ಅಡ್ಡಲಾಗಿ ಸೀಳುತ್ತದೆ. ಮುಂದೆ ಕರುಳು, ರಕ್ತನಾಳಗಳು ಬೆಲ್ಟು ಮತ್ತು ಮೂಳೆಯ ನಡುವೆ ಸಿಕ್ಕಿ ಜಜ್ಜಿಹೋಗುತ್ತವೆ. ಈ ಬಗೆಯ ಮುರಿತವನ್ನು 1948ರಲ್ಲಿ ಬ್ರಿಟನ್ನಿನ ಎಕ್ಸ್‌-ರೇ ತಜ್ಞ ಜಾರ್ಜ್ ಚಾನ್ಸ್ ಮೊದಲು ವಿವರಿಸಿದರು. ಅದಕ್ಕೆ ಇಂದಿಗೂ ‘ಚಾನ್ಸ್ ಮುರಿತ’ ಎಂದೇ ಹೆಸರು. ಬೆಲ್ಟಿಗೂ ಅದಕ್ಕೂ ಇರುವ ನಂಟು ತಿಳಿದದ್ದು ಆಮೇಲೆ.

ಮೋಸಹೋಗುವುದು ಎಲ್ಲಿ ಗೊತ್ತೇ? ಗಾಯಾಳುವಿಗೆ ಕಾಲು ಆಡಿಸಲಾಗದಿದ್ದರೆ ಬೆನ್ನುಹುರಿಗೆ ಪೆಟ್ಟಾಗಿದೆ ಎಂದುಕೊಳ್ಳುವುದು ಸಹಜ. ಆದರೆ ಮಹಾಪಧಮನಿಯ ಒಳಪದರ ಹರಿದು ರಕ್ತದ ದಾರಿಗೆ ಅಡ್ಡ ಬಂದರೂ ಕಾಲು ಸೋಲುತ್ತದೆ. ಆಗ ಪಾದ ತಣ್ಣಗಾಗಿ ಬಿಳಿಚಿಕೊಂಡಿರುತ್ತದೆ, ನಾಡಿ ಸಿಗುವುದಿಲ್ಲ. ನಾಳ ಒಡೆದರಂತೂ ರಕ್ತ ಒಳಗೇ ಸೋರುತ್ತದೆ, ಹೊರಗೆ ಒಂದು ಹನಿಯೂ ಕಾಣದಿರಬಹುದು. ಆದ್ದರಿಂದ ವೈದ್ಯರು ಪಾದದ ನಾಡಿ ನೋಡುತ್ತಾರೆ, ಸಂಶಯವಿದ್ದರೆ ಔಷಧ ಚುಚ್ಚಿ ರಕ್ತನಾಳಗಳ ಸಿ.ಟಿ. ಸ್ಕ್ಯಾನ್ ಮಾಡಿಸುತ್ತಾರೆ. ರಕ್ತ ಸೋರುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಬೇಕು. ಮೂಳೆ ಜೋಡಿಸುವುದು ಆಮೇಲಿನ ಕೆಲಸ.

ನೀವು ಮಾಡಬೇಕಾದದ್ದು ಇಷ್ಟೇ. ಅಪಘಾತವಾದರೆ 112ಕ್ಕೆ ಕರೆ ಮಾಡಿ. ಬೆಂಕಿಯಂಥ ಅಪಾಯವಿಲ್ಲದಿದ್ದರೆ ಗಾಯಾಳುವನ್ನು ಎಬ್ಬಿಸಿ ಕೂರಿಸಬೇಡಿ. ಹೊಟ್ಟೆಯ ಮೇಲೆ ಬೆಲ್ಟಿನ ಕಂದು ಗುರುತು ಕಂಡರೆ ವೈದ್ಯರಿಗೆ ತಪ್ಪದೆ ಹೇಳಿ.

ಇದನ್ನೆಲ್ಲ ಓದಿ ಬೆಲ್ಟೇ ಬೇಡ ಎನ್ನಬೇಡಿ! ಬೆಲ್ಟು ಉಳಿಸಿದ ಜೀವಗಳೇ ಹೆಚ್ಚು. ಹಿಂದಿನ ಸೀಟಿನಲ್ಲೂ ಹಾಕಿಕೊಳ್ಳಿ. ಕೆಳಪಟ್ಟಿ ಸೊಂಟದ ಮೂಳೆಯ ಮೇಲೆ, ಮೇಲ್ಪಟ್ಟಿ ಭುಜದ ಮೇಲೆ ಇರಲಿ. ಮಕ್ಕಳಿಗೆ ಅವರ ಎತ್ತರಕ್ಕೆ ತಕ್ಕ ಸೀಟು ಇರಲಿ.

ಊರಿಗೆ ಸುಖವಾಗಿ ಹೋಗಿ ಬನ್ನಿ.