ಕಳಲೆಗೆ ಮುಳ್ಳೇ ಕಾವಲು

ಹಳೆಯ ಬೆಂಗಳೂರಿಗರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನಗಳ ಕೇಂದ್ರ ಶುರುವಾದದ್ದು 1983ರಲ್ಲಿ. ಅದರ ಬೇರು ಹುಡುಕಿಕೊಂಡು ಹೋದರೆ ಮಾತ್ರ ಉತ್ತರ ಕನ್ನಡದ ಬಿದಿರು ಮೆಳೆಗಳಿಗೆ ಹೋಗಿ ಮುಟ್ಟುತ್ತೇವೆ.

ದಾಂಡೇಲಿಯ ಕಾಗದ ಕಾರ್ಖಾನೆಗೆ ಸರ್ಕಾರ ಬಿದಿರನ್ನು ಪುಡಿಗಾಸಿಗೆ ಕೊಡುತ್ತಿತ್ತು. ಬುಟ್ಟಿ ಹೆಣೆಯುವ ಮೇದಾರರು ಪೇಟೆಯಲ್ಲಿ ಅದಕ್ಕೆ ನೂರಾರು ಪಟ್ಟು ತೆರಬೇಕಿತ್ತು. ಬರಬರುತ್ತ ಬಿದಿರೇ ಸಿಗದಂತಾಗಿ ಅವರು ದೂರಿಕೊಂಡಾಗ, 1970ರ ದಶಕದ ನಡುವೆ, ಕಾರಣ ಹುಡುಕಲು ಹೊರಟವರು ಮುಂದೆ ಈ ಕೇಂದ್ರವನ್ನು ಕಟ್ಟಿದ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್.

ಅರಣ್ಯ ಇಲಾಖೆ ಮೆಳೆಯ ಬುಡದ ಮುಳ್ಳನ್ನು ಸವರಿಸುತ್ತಿತ್ತು. ಇಕ್ಕಟ್ಟು ಕಡಿಮೆಯಾದರೆ ಬಿದಿರು ಹುಲುಸಾಗಿ ಬೆಳೆಯುತ್ತದೆಂಬುದು ಅದರ ಲೆಕ್ಕ. ಊರಿನವರು ಹೇಳಿದ್ದು ಬೇರೆ: ಮುಳ್ಳು ಹೋದರೆ ಆಗತಾನೇ ಮೊಳೆತ ಕಳಲೆಗೆ ದನಗಳೂ ಕಾಡುಪ್ರಾಣಿಗಳೂ ಬಾಯಿ ಹಾಕುತ್ತವೆ. ಗಾಡ್ಗೀಳ್ ಮತ್ತು ಅವರ ಜೊತೆಗಿದ್ದ ಸಂಶೋಧಕ ಎಸ್. ಎನ್. ಪ್ರಸಾದ್ ಮುಳ್ಳು ಸವರಿದ ಮೆಳೆಗಳನ್ನೂ ಹಾಗೇ ಬಿಟ್ಟವನ್ನೂ ಹೋಲಿಸಿ ನೋಡಿದರು. ಗೆದ್ದದ್ದು ಊರಿನವರ ಮಾತು.

ಹಳ್ಳಿಗರ ತಿಳಿವಳಿಕೆಯನ್ನು ಕೊಂಡಾಡುವವರು ಬಹಳ ಮಂದಿ, ತಳ್ಳಿಹಾಕುವವರಂತೂ ಇದ್ದೇ ಇದ್ದಾರೆ. ಅದನ್ನು ಒರೆಗೆ ಹಚ್ಚಿ ನೋಡುವ ಗೋಜಿಗೆ ಹೋಗುವವರು ಕಡಿಮೆ. ಈ ಕೇಂದ್ರದ ಬಗ್ಗೆ ನನಗೆ ಗೌರವವಿರುವುದು ಅದಕ್ಕೇ.

ಆನೆಗಳ ವಿಷಯದಲ್ಲೂ ಇದೇ ಬಗೆಯ ಪರೀಕ್ಷೆ ನಡೆಯಿತು. 1980ರ ದಶಕದ ಮೊದಲಲ್ಲಿ ಇದೇ ಕೇಂದ್ರದ ರಾಮನ್ ಸುಕುಮಾರ್ ಬಿಳಿಗಿರಿರಂಗನ ಬೆಟ್ಟ, ಸತ್ಯಮಂಗಲ ಸೀಮೆಯಲ್ಲಿ ಆನೆಗಳ ಬೆನ್ನು ಹತ್ತಿ, ಅವು ನುಗ್ಗಿದ ಹೊಲಗಳಲ್ಲೂ ಅಳತೆ ಮಾಡಿದರು. ಬೆಳೆದ ಗಂಡಾನೆಯೊಂದು ವರ್ಷಕ್ಕೆ ಸರಾಸರಿ 49 ರಾತ್ರಿ ಹೊಲಕ್ಕೆ ಇಳಿದರೆ, ಹೆಣ್ಣು-ಮರಿಗಳ ಹಿಂಡಿನ ಆನೆಗೆ ಆ ಸರಾಸರಿ ಬರೀ 8. ರಾಗಿ, ಭತ್ತಗಳಲ್ಲಿ ಕಾಡುಹುಲ್ಲಿಗಿಂತ ಪ್ರೋಟೀನೂ ಉಪ್ಪಿನಂಶವೂ ಹೆಚ್ಚು. ಮೈ ಬೆಳೆಸಿಕೊಂಡ ಸಲಗಕ್ಕೆ ಹೆಣ್ಣಾನೆ ಒಲಿಯುವ ಸಾಧ್ಯತೆಯೂ ಹೆಚ್ಚು, ಹಾಗಾಗಿ ಅದು ಪಟಾಕಿ, ಕೋವಿಗಳಿಗೆ ಜಗ್ಗುವುದಿಲ್ಲ ಎಂಬುದು ಸುಕುಮಾರ್ ವಿವರಣೆ. ಅಟ್ಟಣೆಯ ಮೇಲೆ ನಿದ್ದೆಗೆಟ್ಟು ತಮಟೆ ಬಡಿಯುವ ರೈತನಿಗೆ ಇದರಿಂದ ಸಮಾಧಾನವಾದೀತೆ? ಆಗಲಾರದು. ಯಾವ ಆನೆಯನ್ನು ತಡೆಯಬೇಕೆಂದು ಇಲಾಖೆಯವರಿಗಾದರೂ ಗೊತ್ತಾಗುತ್ತದೆ.

ಮುದುಮಲೆಯಲ್ಲಿ ಕೇಂದ್ರದ ಕೆಲಸ ನಿಧಾನದ್ದು. 1988ರಲ್ಲಿ 50 ಹೆಕ್ಟೇರ್ ಕಾಡನ್ನು ಗುರುತು ಹಾಕಿ, ಒಂದು ಸೆಂಟಿಮೀಟರ್ ದಪ್ಪವಿದ್ದ ಗಿಡವನ್ನೂ ಬಿಡದೆ ಸಂಖ್ಯೆಯ ಬಿಲ್ಲೆ ಕಟ್ಟಿದರು. ತೇಗ, ಮತ್ತಿ, ದಿಂಡಿಗ, ನಂದಿ ಮರಗಳ ಹಾಜರಿ ಇಂದಿಗೂ ನಡೆಯುತ್ತಿದೆ. ಸತ್ತ ಮರದ ಮುಂದೆ ಕಾರಣವನ್ನೂ ಬರೆದುಕೊಳ್ಳುತ್ತಾರೆ: ಆನೆ ಸಿಗಿದದ್ದೋ, ಬೆಂಕಿ ಬಿದ್ದದ್ದೋ. ಆ ಬೆಂಕಿಯಾದರೂ ಬಹುಪಾಲು ಮನುಷ್ಯರೇ ಹಚ್ಚಿದ್ದು.

ವರ್ಷಕ್ಕೊಮ್ಮೆ ಸಂಸ್ಥೆಯ ಓಪನ್ ಡೇ ದಿನ ಯಾರು ಬೇಕಾದರೂ ಒಳಗೆ ಹೋಗಬಹುದು. ಈ ಕೇಂದ್ರದ ಸಂಶೋಧನಾ ವಿದ್ಯಾರ್ಥಿಗಳು ಸಿಕ್ಕರೆ ನಿಮ್ಮ ತೋಟದ ಮಂಗ, ಹಂದಿಗಳ ಕಾಟವನ್ನೂ ಪ್ರಸ್ತಾಪಿಸಿ ನೋಡಿ.